ಮಂಗ ಸತ್ತ ಸುದ್ದಿ ಮೊದಲು ಹೇಳಿದವರು ಯಾರು?

ತ್ಯಾವಣಿಗೆಯ ಗದ್ದೆ ಬಯಲಿನಲ್ಲಿ ನಿಂತವರಿಗೆ ಮಂಗನ ಕಾಯಿಲೆ ಎಂಬುದು ಎಲ್ಲೋ ಮಲೆನಾಡಿನ ಸುದ್ದಿ. ಇಲ್ಲಿರುವುದು ಭದ್ರಾ ನಾಲೆಯ ನೀರು, ಭತ್ತದ ಗದ್ದೆ, ಅಡಿಕೆ ತೋಟ. ಅಲ್ಲಿರುವುದು ಕಾಡು, ಜಡಿಮಳೆ, ಮರದಿಂದ ಮರಕ್ಕೆ ನೆಗೆಯುವ ಮುಸಿಯಗಳ ಹಿಂಡು. ಆದರೆ 1957ರಲ್ಲಿ, ಆಗಿನ ಮೈಸೂರು ರಾಜ್ಯದ ಶಿವಮೊಗ್ಗ ಜಿಲ್ಲೆಯಲ್ಲಿ ಹೊಸ ರೋಗವೊಂದು ಪತ್ತೆಯಾಗಿದೆಯೆಂದು ವೈದ್ಯಲೋಕ ಬರೆದುಕೊಂಡಾಗ ತ್ಯಾವಣಿಗೆಯೂ ಅದೇ ಜಿಲ್ಲೆಯ ಊರು. ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳು ದಾವಣಗೆರೆಯ ಪಾಲಿಗೆ ಬಂದದ್ದು 1997ರಲ್ಲಿ, ಆ ಜಿಲ್ಲೆ ಹೊಸದಾಗಿ ಹುಟ್ಟಿದಾಗ. ತ್ಯಾವಣಿಗೆಯಿಂದ ಪಶ್ಚಿಮಕ್ಕೆ ಹೊರಟು ಹೊನ್ನಾಳಿ, ಶಿಕಾರಿಪುರ ದಾಟಿದರೆ ಸೊರಬ. ಆ ತಾಲ್ಲೂಕಿನ ಕ್ಯಾಸನೂರು ಕಾಡಿನ ಹೆಸರು ಇಂದು ಜಗತ್ತಿನ ವೈದ್ಯಕೀಯ ಗ್ರಂಥಗಳಲ್ಲಿದೆ. ದೂರದ ದೇಶಗಳ ವಿದ್ಯಾರ್ಥಿಗಳು ನಾಲಗೆ ಹೊರಳಿಸಲು ಕಷ್ಟಪಟ್ಟು ‘ಕ್ಯಾಸನೂರು ಕಾಡಿನ ಕಾಯಿಲೆ’ ಎಂದು ಓದಿಕೊಳ್ಳುತ್ತಾರೆ. ಅದೇ ಸೀಮೆಯ ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ಆ ಕಥೆ ಗೊತ್ತು?

ಗೊತ್ತಿರಬೇಕಾದ್ದಕ್ಕೆ ಕಾರಣವಿದೆ. ‘ಅಂತರರಾಷ್ಟ್ರೀಯ ಸಹಯೋಗದಲ್ಲಿ ಸಂಶೋಧನೆ’ ಎಂಬ ಭಾರವಾದ ಮಾತು ಪತ್ರಿಕೆಯಲ್ಲಿ ಕಂಡಾಗಲೆಲ್ಲ ನಮ್ಮ ಕಣ್ಣ ಮುಂದೆ ಬರುವುದು ಜಿನೀವಾದ ದೊಡ್ಡ ಕಟ್ಟಡ, ಬಿಳಿ ಕೋಟು, ಸೂಕ್ಷ್ಮದರ್ಶಕ. ಅವರು ಕಂಡುಹಿಡಿಯುತ್ತಾರೆ, ನಾವು ತೆಗೆದುಕೊಳ್ಳುತ್ತೇವೆ ಎಂಬ ಭಾವನೆ. ರೋಗ ತಡೆಯುವ ಕೆಲಸದಲ್ಲಿ ಸಹಯೋಗ ಎಲ್ಲಿಂದ ಶುರುವಾಗುತ್ತದೆ, ಎಲ್ಲಿ ಎಡವುತ್ತದೆ ಎಂಬುದನ್ನು ತಿಳಿಯಲು ಜಿನೀವಾಕ್ಕೆ ಹೋಗಬೇಕಾಗಿಲ್ಲ. ಸೊರಬದ ಬಸ್ಸು ಹತ್ತಿದರೆ ಸಾಕು.

ಹಳದಿ ಜ್ವರದ ಭಯ

1957ರ ಬೇಸಿಗೆಯ ಆರಂಭ. ಕ್ಯಾಸನೂರು ಕಾಡಿನ ಅಂಚಿನ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗುತ್ತಿದ್ದರು. ಇದ್ದಕ್ಕಿದ್ದಂತೆ ಏರುವ ಜ್ವರ, ತಲೆ ಸಿಡಿಯುವ ನೋವು, ಮೈಕೈಯೆಲ್ಲ ಜಜ್ಜಿ ಹಾಕಿದಂಥ ನೋವು, ವಾಂತಿ. ಕೆಲವರಿಗೆ ಮೂಗಿನಿಂದ, ಒಸಡಿನಿಂದ ರಕ್ತ. ಮೊದಮೊದಲು ಇದನ್ನು ವಿಷಮಶೀತ ಜ್ವರ, ಅಂದರೆ ಟೈಫಾಯಿಡ್, ಎಂದು ಶಂಕಿಸಿದ್ದುಂಟು. ಆದರೆ ಹಳ್ಳಿಯವರು ಇನ್ನೊಂದು ಸಂಗತಿಯನ್ನು ಗಮನಿಸಿದ್ದರು. ಅದೇ ಹೊತ್ತಿಗೆ ಕಾಡಿನಲ್ಲಿ ಮಂಗಗಳೂ ಸಾಯುತ್ತಿದ್ದವು. ಕಟ್ಟಿಗೆಗೆ, ಸೊಪ್ಪಿಗೆ, ದನ ಮೇಯಿಸಲಿಕ್ಕೆ ಕಾಡಿಗೆ ಹೋಗುವ ಜನ ಅವರು. ಮರದ ಮೇಲಿರಬೇಕಾದ ಪ್ರಾಣಿ ಮರದ ಬುಡದಲ್ಲಿ ಸತ್ತು ಬಿದ್ದಿದ್ದರೆ ಅವರ ಕಣ್ಣಿಗೆ ಬೀಳದೆ ಇರುತ್ತದೆಯೇ? ಎರಡನ್ನೂ ಜೋಡಿಸಿ ‘ಮಂಗನ ಕಾಯಿಲೆ’ ಎಂದವರು ಜನರೇ. ವಿಜ್ಞಾನ ಹೆಸರಿಡುವ ಮೊದಲೇ ಊರು ಹೆಸರಿಟ್ಟಾಗಿತ್ತು.

ಮಂಗ ಸತ್ತ ಸುದ್ದಿ ಪುಣೆಯನ್ನು ತಲುಪಿತು. ಅಲ್ಲಿ 1952ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಮತ್ತು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನ ಕೂಡಿ ಸ್ಥಾಪಿಸಿದ್ದ ವೈರಸ್ ಸಂಶೋಧನಾ ಕೇಂದ್ರವಿತ್ತು. ಅದರ ಈಗಿನ ಹೆಸರು ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆ. ಕೋವಿಡ್ ಕಾಲದಲ್ಲಿ ಎಲ್ಲರ ಬಾಯಲ್ಲೂ ಬಂದ ಪುಣೆಯ ಪ್ರಯೋಗಾಲಯ ಇದೇ. 1957ರಲ್ಲಿ ಅದರ ನಿರ್ದೇಶಕರಾಗಿದ್ದವರು ಅಮೆರಿಕದ ವೈದ್ಯ ಟೆಲ್ಫರ್ಡ್ ವರ್ಕ್.

ಮಂಗ ಸತ್ತರೆ ಪುಣೆಯವರಿಗೆ ಏನು? ಇಲ್ಲಿದೆ ವಿಷಯ. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗಗಳು ಒಂದರ ಹಿಂದೊಂದು ಸತ್ತು ಬೀಳತೊಡಗಿದರೆ ಹಳದಿ ಜ್ವರ ಬಂತೆಂದು ಶಂಕಿಸುತ್ತಾರೆ. ಆ ಜ್ವರ ಏಷ್ಯಾ ಖಂಡದಲ್ಲಿ ಬೇರೂರಿಲ್ಲ. ಆದರೆ ಅದನ್ನು ಹರಡಬಲ್ಲ ಈಡಿಸ್ ಸೊಳ್ಳೆ ನಮ್ಮ ಊರೂರಲ್ಲೂ ಇದೆ; ಡೆಂಗಿ ಹರಡುವುದೂ ಅದೇ ಸೊಳ್ಳೆ. ರೋಗವೇ ಬಂದಿಲ್ಲವಾದ್ದರಿಂದ ಜನರ ಮೈಯಲ್ಲಿ ಅದನ್ನು ಎದುರಿಸುವ ಶಕ್ತಿಯೂ ಬೆಳೆದಿಲ್ಲ. ಒಮ್ಮೆ ಒಳಗೆ ನುಸುಳಿದರೆ ಬಣವೆಗೆ ಕಿಡಿ ಬಿದ್ದಂತೆಯೇ. ಹಳದಿ ಜ್ವರವಿರುವ ದೇಶಗಳಿಂದ ಬರುವ ಪ್ರಯಾಣಿಕರಿಂದ ಇಂದಿಗೂ ಲಸಿಕೆಯ ಪ್ರಮಾಣಪತ್ರ ಕೇಳುವುದು ಇದಕ್ಕಾಗಿಯೇ. ರಾಕ್‌ಫೆಲರ್ ಪ್ರತಿಷ್ಠಾನವಂತೂ ದಶಕಗಳಿಂದ ಹಳದಿ ಜ್ವರದ ಬೆನ್ನು ಹತ್ತಿದ್ದ ಸಂಸ್ಥೆ. ಅಲ್ಲಿ ಆ ರೋಗದ ಲಸಿಕೆ ರೂಪಿಸಿದ ಮ್ಯಾಕ್ಸ್ ಥೈಲರ್ ಅವರಿಗೆ 1951ರಲ್ಲಿ ನೊಬೆಲ್ ಪ್ರಶಸ್ತಿಯೂ ಬಂದಿತ್ತು. ಹೀಗಾಗಿ ಶಿವಮೊಗ್ಗದ ಸುದ್ದಿಯನ್ನು ಪುಣೆಯವರು ಹಗುರವಾಗಿ ತೆಗೆದುಕೊಳ್ಳುವಂತಿರಲಿಲ್ಲ. ಮಾರ್ಚ್ ಮುಗಿಯುವುದರೊಳಗೆ ಅವರ ತಂಡ ಕಾಡಿನಲ್ಲಿತ್ತು.

ಸಿಕ್ಕಿದ್ದು ಹಳದಿ ಜ್ವರವಲ್ಲ. ಮಂಗಗಳಿಂದಲೂ ರೋಗಿಗಳಿಂದಲೂ ಒಂದು ವೈರಸ್ ಸಿಕ್ಕಿತು. ವೈರಸ್ಸನ್ನು ಗುರುತಿಸುವುದು ಹೇಗೆ ಎಂದು ಮಕ್ಕಳು ಕೇಳಬಹುದು. ಒಂದು ವೈರಸ್ಸಿನ ವಿರುದ್ಧ ದೇಹ ಪ್ರತಿಕಾಯಗಳನ್ನು ತಯಾರಿಸುತ್ತದೆ. ಆ ಪ್ರತಿಕಾಯಗಳು ತಮ್ಮ ವೈರಿಯನ್ನಷ್ಟೇ ಅಲ್ಲ, ವೈರಿಯ ನೆಂಟರಿಷ್ಟರನ್ನೂ ಅಷ್ಟಿಷ್ಟು ಗುರುತಿಸುತ್ತವೆ. ಆದ್ದರಿಂದ ಹೊಸ ವೈರಸ್ ಸಿಕ್ಕಾಗ ಬೇರೆ ಬೇರೆ ದೇಶಗಳಲ್ಲಿ ಈ ಮೊದಲೇ ಪತ್ತೆಯಾದ ವೈರಸ್ಸುಗಳ ಜತೆ ತಾಳೆ ನೋಡಬೇಕು. ಪೊಲೀಸರು ಬೆರಳಚ್ಚು ಹೋಲಿಸಿದಂತೆ. ಬೆರಳಚ್ಚಿನ ದಾಖಲೆ ಎಲ್ಲ ದೇಶಗಳಲ್ಲಿ ಹಂಚಿಹೋಗಿದ್ದರೆ, ಎಲ್ಲರೂ ಕೈ ಜೋಡಿಸದೆ ಕಳ್ಳ ಸಿಗುವುದಿಲ್ಲ. ಸಹಯೋಗ ಎಂಬ ಮಾತಿಗೆ ಇಲ್ಲಿ ನಿಜವಾದ ಅರ್ಥವಿದೆ.

ತಾಳೆ ನೋಡಿದಾಗ ಹೊರಬಂದ ನೆಂಟಸ್ತಿಕೆ ಯಾರೂ ಊಹಿಸದಂಥದು. ರಷ್ಯಾದ ಕಾಡುಗಳಲ್ಲಿ ವಸಂತ ಮತ್ತು ಬೇಸಿಗೆಯಲ್ಲಿ ಕಾಣುವ ಮಿದುಳು ಜ್ವರದ ವೈರಸ್ ಗುಂಪಿಗೆ ಇದು ಸೇರಿತ್ತು. ಅದು ಉಣುಗಿನಿಂದ ಹರಡುವ ರೋಗ. ದನದ ಕಿವಿಯಲ್ಲಿ, ನಾಯಿಯ ಮೈಯಲ್ಲಿ ಕಚ್ಚಿಕೊಂಡು ರಕ್ತ ಹೀರುವ ಉಣ್ಣೆಯನ್ನೇ ಮಲೆನಾಡಿನವರು ಉಣುಗು ಎನ್ನುತ್ತಾರೆ. ಆದರೆ ಎಲ್ಲಿಯ ಹಿಮದ ಸೈಬೀರಿಯ, ಎಲ್ಲಿಯ ಸೊರಬ?

ಸೈಬೀರಿಯದ ಹಕ್ಕಿ, ಹಿತ್ತಲಿನ ಉಣುಗು

ಇಲ್ಲಿಂದ ಮುಂದೆ ವಿಜ್ಞಾನಿಗಳ ಲಕ್ಷ್ಯ ಆಕಾಶದ ಕಡೆ ಹರಿಯಿತು. ಚಳಿಗಾಲದಲ್ಲಿ ಉತ್ತರದ ದೇಶಗಳಿಂದ ಲಕ್ಷಾಂತರ ಹಕ್ಕಿಗಳು ಭಾರತಕ್ಕೆ ಬರುತ್ತವೆ. ಅವುಗಳ ಮೈಯಲ್ಲಿ ಕಚ್ಚಿಕೊಂಡ ಉಣುಗುಗಳು ವೈರಸ್ಸನ್ನು ಹೊತ್ತು ತಂದಿರಬಹುದಲ್ಲ? ಪಕ್ಷಿತಜ್ಞ ಸಲೀಂ ಅಲಿ ಅವರ ಮುಂದಾಳತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1959ರಿಂದ ವಿಶ್ವ ಆರೋಗ್ಯ ಸಂಸ್ಥೆಯ ನೆರವು ಪಡೆದು ವಲಸೆ ಹಕ್ಕಿಗಳ ಅಧ್ಯಯನ ಆರಂಭಿಸಿತು. ಬಲೆ ಹಾಕಿ ಹಕ್ಕಿಗಳನ್ನು ಹಿಡಿದು, ಕಾಲಿಗೆ ನಂಬರಿನ ಉಂಗುರ ತೊಡಿಸಿ, ಮೈಮೇಲಿನ ಉಣುಗುಗಳನ್ನು ಸಂಗ್ರಹಿಸಿ ಬಿಡುವ ಕೆಲಸ. ಭಾರತದ ಹಕ್ಕಿಗಳ ವಲಸೆಯ ಬಗ್ಗೆ ಇಂದು ನಮಗಿರುವ ತಿಳಿವಳಿಕೆಯಲ್ಲಿ ದೊಡ್ಡ ಪಾಲು ಈ ಉಂಗುರಗಳಿಂದ ಬಂದದ್ದು. ಆದರೆ ಕ್ಯಾಸನೂರಿನ ವೈರಸ್ಸನ್ನು ಸೈಬೀರಿಯದ ಹಕ್ಕಿಗಳೇ ತಂದವು ಎನ್ನಲು ಪುರಾವೆ ಸಿಗಲಿಲ್ಲ.

ಉತ್ತರ ಇದ್ದದ್ದು ಆಕಾಶದಲ್ಲಲ್ಲ, ನೆಲದ ಮೇಲಿನ ಒಣ ಎಲೆಗಳ ನಡುವೆ. ರೋಗ ಹರಡುವ ಮುಖ್ಯ ಉಣುಗಿನ ವೈಜ್ಞಾನಿಕ ಹೆಸರು ಹೀಮಾಫೈಸಾಲಿಸ್ ಸ್ಪಿನಿಜೆರಾ. ಮೊಟ್ಟೆಯೊಡೆದು ಬಂದ ಎಳೆಮರಿ, ಅದರ ಮುಂದಿನ ಹಂತದ ಬೆಳೆದ ಮರಿ, ಆಮೇಲೆ ಪ್ರಾಯದ ಉಣುಗು ಎಂದು ಅದರ ಬಾಳಿನಲ್ಲಿ ಮೂರು ಹಂತ. ಹಂತ ದಾಟಬೇಕಾದರೆ ಪ್ರತಿಸಲವೂ ಒಂದು ಪ್ರಾಣಿಯ ರಕ್ತ ಬೇಕು. ಮಳೆಗಾಲದಲ್ಲಿ ಪ್ರಾಯದ ಉಣುಗು ದನಗಳಂಥ ದೊಡ್ಡ ಪ್ರಾಣಿಗಳನ್ನು ಹಿಡಿಯುತ್ತದೆ. ಹೊಟ್ಟೆ ತುಂಬಿದ ಹೆಣ್ಣು ನೆಲಕ್ಕುದುರಿ ಸಾವಿರಾರು ಮೊಟ್ಟೆ ಇಡುತ್ತದೆ. ಎಳೆಮರಿಗಳು ಇಲಿ, ಹೆಗ್ಗಣ, ನೆಲದ ಹಕ್ಕಿಗಳ ಮೈ ಹತ್ತುತ್ತವೆ. ಡಿಸೆಂಬರಿನಿಂದ ಮೇ ತನಕ ಕಾಡಿನ ನೆಲದಲ್ಲಿ ತುಂಬಿರುವುದು ಬೆಳೆದ ಮರಿ, ಗಾತ್ರದಲ್ಲಿ ಸಾಸಿವೆ ಕಾಳಿನಷ್ಟು. ಮಂಗಕ್ಕೂ ಮನುಷ್ಯನಿಗೂ ಕಚ್ಚುವುದು ಹೆಚ್ಚಾಗಿ ಇದೇ. ಅಡಿಕೆ ಕೊಯ್ಲು ಮುಗಿದು ಜನ ತರಗೆಲೆ, ಸೌದೆ, ಸೊಪ್ಪಿಗೆಂದು ಕಾಡಿಗೆ ಹೋಗುವುದೂ ಅದೇ ತಿಂಗಳುಗಳಲ್ಲಿ. ರೋಗದ ಋತು ಹೀಗೆ ಹುಟ್ಟುತ್ತದೆ.

ಮಂಗ ಇಲ್ಲಿ ಅಪರಾಧಿಯಲ್ಲ, ನಮ್ಮಂತೆಯೇ ಬಲಿಪಶು. ಆದರೆ ಅದರ ರಕ್ತದಲ್ಲಿ ವೈರಸ್ ಯಥೇಚ್ಛವಾಗಿ ಬೆಳೆಯುತ್ತದೆ. ಮಂಗ ಸತ್ತು ಬಿದ್ದಾಗ ಅದರ ಮೈಯ ಉಣುಗುಗಳು ತಣ್ಣಗಾದ ದೇಹವನ್ನು ಬಿಟ್ಟು ಸುತ್ತಲೂ ಹರಡುತ್ತವೆ. ಸತ್ತ ಜಾಗದ ಸುತ್ತ ಐವತ್ತು ಅಡಿ ಕೀಟನಾಶಕದ ಪುಡಿ ಎರಚುವ ಪದ್ಧತಿ ಬಂದದ್ದು ಈ ತಿಳಿವಳಿಕೆಯಿಂದ. ದನಕ್ಕೆ ಈ ಕಾಯಿಲೆ ಬಾಧಿಸುವುದಿಲ್ಲ. ಆದರೆ ಉಣುಗಿನ ಸಂತತಿ ಬೆಳೆಯುವುದು ದನದ ರಕ್ತದಿಂದ. ಮನುಷ್ಯನಿಂದ ಮನುಷ್ಯನಿಗೆ ರೋಗ ಹರಡುವುದಿಲ್ಲ.

ಇಷ್ಟನ್ನು ಬಿಡಿಸಿ ಹೇಳಲು ವರ್ಷಗಟ್ಟಲೆ ಕಾಡು ಸುತ್ತಿದವರಿದ್ದಾರೆ. ಪನಾಮದ ಕಾಡುಗಳಲ್ಲಿ ಕೆಲಸ ಮಾಡಿ ಬಂದಿದ್ದ ಹೆರಾಲ್ಡ್ ಟ್ರಾಪಿಡೊ, ಕೊಲಂಬಿಯದಲ್ಲಿ ಹಳದಿ ಜ್ವರದ ಸೊಳ್ಳೆಗಳನ್ನು ಅಭ್ಯಾಸ ಮಾಡಿದ್ದ ಹೋರ್ಹೆ ಬೊಶೆಲ್, ನಮ್ಮವರೇ ಆದ ಕೀಟತಜ್ಞ ಪಿ.ಕೆ. ರಾಜಗೋಪಾಲನ್ ಇವರಲ್ಲಿ ಮುಖ್ಯರು. ರಾಜಗೋಪಾಲನ್ ಮುಂದೆ ಪಾಂಡಿಚೇರಿಯ ರೋಗವಾಹಕ ನಿಯಂತ್ರಣ ಸಂಶೋಧನಾ ಕೇಂದ್ರದ ನಿರ್ದೇಶಕರಾದರು. ಕಾಡಿನಲ್ಲೂ ಪ್ರಯೋಗಾಲಯದಲ್ಲೂ ದುಡಿಯುತ್ತಿದ್ದ ಹಲವು ಸಿಬ್ಬಂದಿಗೆ ಅದೇ ರೋಗ ತಗುಲಿತು. ಅವರಲ್ಲಿ ಹೆಚ್ಚಿನವರ ಹೆಸರು ಯಾವ ಪಠ್ಯಪುಸ್ತಕದಲ್ಲೂ ಇಲ್ಲ.

ಬೊಶೆಲ್ 1969ರಲ್ಲಿ ಪ್ರಕಟಿಸಿದ ಲೇಖನದ ವಾದ ಇಂದಿಗೂ ಓದಬೇಕಾದ್ದು. ವೈರಸ್ ಹೊರಗಿನಿಂದ ಬಂದ ಅತಿಥಿಯಲ್ಲ. ಕಾಡಿನ ಸಣ್ಣ ಪ್ರಾಣಿಗಳ ನಡುವೆ ಸದ್ದಿಲ್ಲದೆ ಬಹಳ ಕಾಲದಿಂದ ಇದ್ದಿರಬೇಕು. ಜನಸಂಖ್ಯೆ ಬೆಳೆಯಿತು, ಕಾಡು ಕಡಿದು ಗದ್ದೆ ತೋಟಗಳಾದವು, ದನಗಳು ಕಾಡಿನೊಳಗೆ ಮೇಯತೊಡಗಿದವು, ಉಣುಗು ವಿಪರೀತ ಹೆಚ್ಚಿತು, ಮರೆಯಲ್ಲಿದ್ದ ರೋಗ ಬಯಲಿಗೆ ಬಂತು. ಈ ವೈರಸ್ಸಿನ ವಯಸ್ಸೆಷ್ಟು ಎಂಬುದರ ಬಗ್ಗೆ ವಿಜ್ಞಾನಿಗಳು ಈಗಲೂ ಒಮ್ಮತಕ್ಕೆ ಬಂದಿಲ್ಲ. ವಂಶವಾಹಿಗಳನ್ನು ಹೋಲಿಸಿದ 2009ರ ಒಂದು ಅಧ್ಯಯನ ಅದರ ಮೂಲವನ್ನು 1940ರ ದಶಕದಲ್ಲಿ ಗುರುತಿಸಿತು. 2011ರ ಇನ್ನೊಂದು ಅಧ್ಯಯನ, ಸೌದಿ ಅರೇಬಿಯದಲ್ಲಿ 1990ರ ದಶಕದಲ್ಲಿ ಪತ್ತೆಯಾದ ಇದರ ಹತ್ತಿರದ ನೆಂಟ ಅಲ್‌ಖುರ್ಮಾ ವೈರಸ್ಸಿನ ಜತೆ ಹೋಲಿಸಿ, ಇವೆರಡೂ ಬೇರೆಯಾಗಿ ಶತಮಾನಗಳೇ ಆಗಿವೆ ಎಂದಿತು. ವಯಸ್ಸಿನ ವಾದ ಏನೇ ಇರಲಿ, ರೋಗ ಭುಗಿಲೆದ್ದದ್ದು ಎಲ್ಲಿ ಎಂಬುದರಲ್ಲಿ ವಾದವಿಲ್ಲ. ಕಾಡು ಮತ್ತು ಊರು ಒಂದನ್ನೊಂದು ತಿಕ್ಕುವ ಅಂಚಿನಲ್ಲಿ. 1983ರಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನಲ್ಲಿ ಗೇರು ತೋಟಕ್ಕಾಗಿ ಕಾಡು ಕಡಿದ ಜಾಗದಲ್ಲಿ ಹೊಸದಾಗಿ ಹೊತ್ತಿಕೊಂಡ ರೋಗ ಒಂದೂವರೆ ಸಾವಿರ ಜನರನ್ನು ಮಲಗಿಸಿತು. ಸುಮಾರು 150 ಮಂದಿ ತೀರಿಕೊಂಡರು.

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಹಿತ್ತಲ ಹುಳುವೂ ರೋಗವಲ್ಲ ಎಂದು ನಾವು ನಂಬಿಕೊಂಡಿರುತ್ತೇವೆ. ಹಳದಿ ಜ್ವರ ಹುಡುಕುತ್ತ ಬಂದವರು, ಸೈಬೀರಿಯದ ಹಕ್ಕಿಗಳನ್ನು ಹಿಡಿದವರು ಕೊನೆಗೆ ಬಂದು ನಿಂತದ್ದು ದನ ಕಾಯುವವನ ಕಾಲುದಾರಿಯಲ್ಲಿ.

ಲಸಿಕೆಯ ಏರಿಳಿತ

ಇನ್ನು ತಡೆಯುವ ಪ್ರಶ್ನೆ. ಈ ಕಾಯಿಲೆ ಬಂದ ಮೇಲೆ ವೈರಸ್ಸನ್ನೇ ಕೊಲ್ಲುವ ನಿರ್ದಿಷ್ಟ ಔಷಧವಿಲ್ಲ. ಜ್ವರ, ನೋವು, ರಕ್ತಸ್ರಾವಗಳಿಗೆ ಆರೈಕೆ ಮಾಡುತ್ತ ದೇಹ ಗೆಲ್ಲುವುದನ್ನು ಕಾಯಬೇಕು. ರೋಗ ಬಂದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆಂಬುದು ವಾಡಿಕೆಯ ಲೆಕ್ಕ. ಆದ್ದರಿಂದ ಬಾರದಂತೆ ನೋಡಿಕೊಳ್ಳುವುದೇ ದಾರಿ.

ಮೊದಲ ಪ್ರಯತ್ನ ಎರವಲು ಲಸಿಕೆಯದು. ರಷ್ಯಾದ ಮಿದುಳು ಜ್ವರಕ್ಕೆಂದು ತಯಾರಿಸಿದ್ದ ಲಸಿಕೆಯನ್ನು, ವೈರಸ್ಸುಗಳು ನೆಂಟರಲ್ಲವೇ ಎಂಬ ಆಸೆಯಿಂದ, ರೋಗ ಪತ್ತೆಯಾದ ಒಂದೆರಡು ವರ್ಷಗಳಲ್ಲೇ ಶಿವಮೊಗ್ಗದ ಹಳ್ಳಿಗರಿಗೆ ಹಾಕಿದರು. ಅದು ರಕ್ಷಣೆ ಕೊಡಲಿಲ್ಲ. ನೆಂಟನ ಬೀಗದ ಕೈ ನಮ್ಮ ಮನೆಯ ಬೀಗಕ್ಕೆ ಹೊಂದಲಿಲ್ಲ. ಆಮೇಲೆ ಪುಣೆಯಲ್ಲೇ ಕ್ಯಾಸನೂರಿನ ವೈರಸ್ಸನ್ನು ಕೋಳಿ ಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ, ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿ ನಮ್ಮದೇ ಲಸಿಕೆ ತಯಾರಿಸಿದರು. 1990ರಿಂದ 1992ರವರೆಗೆ ಕರ್ನಾಟಕದ ಮೂರು ಜಿಲ್ಲೆಗಳಲ್ಲಿ ನಡೆದ ಪರೀಕ್ಷೆಯಲ್ಲಿ ಒಂದು ಡೋಸು ಪಡೆದವರಲ್ಲಿ ಶೇ 79.3, ಎರಡು ಡೋಸು ಪಡೆದವರಲ್ಲಿ ಶೇ 93.5 ರಕ್ಷಣೆ ಕಂಡುಬಂತು. ಬೆಂಗಳೂರಿನ ಪಶು ಆರೋಗ್ಯ ಮತ್ತು ಜೈವಿಕ ಉತ್ಪನ್ನಗಳ ಸಂಸ್ಥೆ ಅದನ್ನು ತಯಾರಿಸಿ ಕೊಡುತ್ತಿತ್ತು.

ಕಥೆ ಇಲ್ಲಿಗೆ ಸುಖವಾಗಿ ಮುಗಿದಿದ್ದರೆ ಚೆನ್ನಾಗಿತ್ತು. ಒಂದು ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು, ಕೆಲವು ತಿಂಗಳ ನಂತರ ಇನ್ನೊಂದು, ಮತ್ತೆ ವರ್ಷ ವರ್ಷವೂ ಒಂದೊಂದು. ಚುಚ್ಚಿದ ಜಾಗದಲ್ಲಿ ವಿಪರೀತ ನೋವು. ಕೂಲಿ ಬಿಟ್ಟು ಬಂದು ಚುಚ್ಚಿಸಿಕೊಂಡು ಮರುದಿನದ ಕೂಲಿಯನ್ನೂ ಕಳೆದುಕೊಳ್ಳುವುದು ಯಾರಿಗೆ ಬೇಕು? ಬಹಳ ಜನ ತಪ್ಪಿಸಿಕೊಂಡರು. 2005ರಿಂದ 2010ರವರೆಗಿನ ಅಂಕಿಅಂಶಗಳನ್ನು ಆಧರಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡು ಡೋಸಿನ ರಕ್ಷಣೆ ಶೇ 62.4ಕ್ಕೆ ಇಳಿದಿತ್ತು. ಅಷ್ಟರಲ್ಲೇ ರೋಗ ಹೊಸ ಹೊಸ ಸೀಮೆಗಳಲ್ಲಿ ಕಾಣಿಸಿಕೊಳ್ಳತೊಡಗಿತ್ತು. 2012ರಿಂದ 2016ರೊಳಗೆ ಚಾಮರಾಜನಗರದ ಬಂಡೀಪುರ, ಕೇರಳದ ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗ ಹೀಗೆ ಪಶ್ಚಿಮ ಘಟ್ಟದುದ್ದಕ್ಕೂ ಅದರ ಹೆಜ್ಜೆ ಮೂಡಿತು. 2019ರ ಋತುವಿನಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಅನೇಕ ಮನೆಗಳಲ್ಲಿ ಸಾವಾಯಿತು. ಕೊನೆಗೆ, ಸಾಮರ್ಥ್ಯದ ಪರೀಕ್ಷೆಗಳಲ್ಲಿ ಹಿಂದೆ ಬಿದ್ದ ಹಳೆಯ ಲಸಿಕೆಯನ್ನು 2022ರಲ್ಲಿ ನಿಲ್ಲಿಸಲಾಯಿತು. ಹೊಸ ಲಸಿಕೆಗಾಗಿ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಲಾಜಿಕಲ್ಸ್ ಸಂಸ್ಥೆಯೊಡನೆ ಕೆಲಸ ಕೈಗೆತ್ತಿಕೊಂಡಿದೆ.

ಕೊಟ್ಟದ್ದೆಷ್ಟು, ಮರಳಿ ಬಂದದ್ದೆಷ್ಟು?

ಈಗ ಲೆಕ್ಕ ಹಾಕಿ ನೋಡೋಣ. 1957ರಿಂದ ಜಗತ್ತು ಕ್ಯಾಸನೂರಿನಿಂದ ಬಹಳ ಪಡೆಯಿತು. ಹೊಸ ವೈರಸ್ಸಿನ ಮಾದರಿ, ಉಣುಗಿನಿಂದ ಹರಡುವ ರೋಗಗಳ ತಿಳಿವಳಿಕೆ, ನೂರಾರು ಸಂಶೋಧನಾ ಲೇಖನಗಳು, ಹತ್ತಾರು ಪದವಿಗಳು. ನಾವೂ ಪಡೆದೆವು: ಪುಣೆಯಲ್ಲಿ ಒಂದು ಶ್ರೇಷ್ಠ ಸಂಸ್ಥೆ ಬೆಳೆಯಿತು, ನಮ್ಮ ವಿಜ್ಞಾನಿಗಳು ತರಬೇತಾದರು, ಶಿವಮೊಗ್ಗದಲ್ಲೇ ರೋಗ ಪತ್ತೆಯ ಪ್ರಯೋಗಾಲಯ ಬಂತು. ಪರದೇಶದವರೆಲ್ಲ ದೋಚಲು ಬಂದರು ಎನ್ನುವುದು ಅನ್ಯಾಯ. ಆ ಪರಿಣತಿ ಸಿಗದಿದ್ದರೆ ರೋಗದ ಗುರುತು ಹಿಡಿಯುವುದು ಎಷ್ಟು ತಡವಾಗುತ್ತಿತ್ತೋ.

ಹಾಗೆಂದು ಕಣ್ಣು ಮುಚ್ಚಿ ನಂಬುವುದೂ ಸಲ್ಲದು. ವಲಸೆ ಹಕ್ಕಿಗಳ ಅಧ್ಯಯನಕ್ಕೆ ಮುಂದೆ ಬಂದ ಹಣದಲ್ಲಿ ಅಮೆರಿಕದ ಸೇನೆಗೆ ಸೇರಿದ ಒಂದು ಸಂಶೋಧನಾ ಯೋಜನೆಯ ಪಾಲಿತ್ತು. ಹಕ್ಕಿ, ಉಣುಗು, ವೈರಸ್ ಇವುಗಳ ಲೆಕ್ಕ ಸೈನ್ಯಕ್ಕೇಕೆ ಎಂಬ ಪ್ರಶ್ನೆ 1970ರ ದಶಕದಲ್ಲಿ ಪತ್ರಿಕೆಗಳಲ್ಲೂ ಸಂಸತ್ತಿನಲ್ಲೂ ಎದ್ದಿತು. ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ವಿದೇಶಿ ಸಹಯೋಗದ ಸಂಶೋಧನೆಗಳನ್ನು ಪರಿಶೀಲಿಸಿ ಕಟುವಾದ ವರದಿ ಕೊಟ್ಟಿತು. ಸಲೀಂ ಅಲಿಯವರಂಥವರು ತಮ್ಮ ಕೆಲಸದಲ್ಲಿ ಗುಟ್ಟೇನೂ ಇಲ್ಲವೆಂದು ಸಮರ್ಥಿಸಿಕೊಂಡರು. ಯಾರ ಮಾತು ಎಷ್ಟು ಸರಿ ಎಂಬುದಕ್ಕಿಂತ ನಮಗೆ ಮುಖ್ಯವಾದದ್ದು ಆಗ ಗಟ್ಟಿಯಾದ ಪಾಠ. ಹಣ ಯಾರದು, ಮಾದರಿ ಯಾರ ಕೈಗೆ ಹೋಗುತ್ತದೆ, ಫಲ ಯಾರಿಗೆ ಎಂದು ಕೇಳುವುದು ಕೃತಘ್ನತೆಯಲ್ಲ. ಕೇಳಲೇಬೇಕಾದ ಮಾತು.

ಈ ಮೂರು ಪ್ರಶ್ನೆಗಳಿಗೆ ಇನ್ನೊಂದು ಸೇರಬೇಕು: ಸಂಶೋಧನೆಯ ಪ್ರಶ್ನೆಯನ್ನೇ ಯಾರು ನಿರ್ಧರಿಸಿದರು? 1957ರಲ್ಲಿ ಪುಣೆಯವರ ಪ್ರಶ್ನೆ ‘ಇದು ಹಳದಿ ಜ್ವರವೇ’ ಎಂಬುದು. ಜಗತ್ತಿಗೆ ಅದು ಸಹಜ ಪ್ರಶ್ನೆ. ಆದರೆ ಸೊರಬದ ಕೂಲಿಯವನ ಪ್ರಶ್ನೆ ಬೇರೆ: ‘ನಾಳೆ ಸೌದೆ ತರಲು ಹೋಗಲೇ ಬೇಡವೇ? ಹೋದರೆ ಯಾವ ದಾರಿಯಲ್ಲಿ ಹೋಗಲಿ?’ ಈ ಪ್ರಶ್ನೆಯನ್ನು ಗಂಭೀರವಾಗಿ ಕೈಗೆತ್ತಿಕೊಳ್ಳಲು ಬಹಳ ಕಾಲ ಬೇಕಾಯಿತು.

ಇತ್ತೀಚಿನ ಒಂದು ಪ್ರಯತ್ನದಲ್ಲಿ ಆ ದಿಕ್ಕು ಕಾಣುತ್ತದೆ. ಬ್ರಿಟನ್ನಿನ ಪರಿಸರ ಮತ್ತು ಜಲವಿಜ್ಞಾನ ಕೇಂದ್ರ, ಬೆಂಗಳೂರಿನ ಏಟ್ರೀ ಸಂಸ್ಥೆ, ಸಾರ್ವಜನಿಕ ಆರೋಗ್ಯ ಸಂಸ್ಥೆ, ಪಶುರೋಗಗಳ ಅಧ್ಯಯನದ ನಿವೇದಿ, ಪುಣೆಯ ವೈರಾಣು ಸಂಸ್ಥೆ, ಕರ್ನಾಟಕದ ಆರೋಗ್ಯ ಇಲಾಖೆ ಸೇರಿ ಮಂಗನ ಕಾಯಿಲೆಯ ಅಪಾಯ ಎಲ್ಲೆಲ್ಲಿ ಹೆಚ್ಚು ಎಂದು ನಕ್ಷೆ ಹಾಕಿದವು. 2020ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ವಿಶೇಷವೆಂದರೆ, ಯಾವ ಮಾಹಿತಿ ಕೆಲಸಕ್ಕೆ ಬರುತ್ತದೆಂದು ಆರೋಗ್ಯ, ಪಶುವೈದ್ಯ, ಅರಣ್ಯ ಇಲಾಖೆಗಳ ಕ್ಷೇತ್ರದ ಜನರನ್ನು ಮೊದಲೇ ಕೇಳಿಕೊಂಡು ಅವರು ಕೆಲಸ ಶುರು ಮಾಡಿದ್ದು. ಒಂದೇ ಸಮನೆ ಹಬ್ಬಿದ ಕಾಡಿಗಿಂತ, ನಿತ್ಯಹರಿದ್ವರ್ಣದ ಕಾಡೂ ತೋಟಗಳೂ ಕಲೆತಿರುವ, ನಾಟಿ ದನಗಳು ಹೆಚ್ಚಿರುವ ಸೀಮೆಯಲ್ಲಿ ಅಪಾಯ ಹೆಚ್ಚು. ಒಣ ಎಲೆಯುದುರುವ ಕಾಡು ಹೆಚ್ಚಿರುವ ಕಡೆ ಕಡಿಮೆ ಎಂದು ತಿಳಿಯಿತು. ಬೊಶೆಲ್ ಕಾಲ್ನಡಿಗೆಯಲ್ಲಿ ಕಂಡದ್ದಕ್ಕೆ ಇವರು ಉಪಗ್ರಹದ ಚಿತ್ರಗಳ ಜತೆಗೆ ಹಳ್ಳಿಯ ಅನುಭವವನ್ನೂ ಸೇರಿಸಿ ಲೆಕ್ಕದ ಬಲ ಕೊಟ್ಟರು.

ಮಕ್ಕಳ ಪಾಲಿನ ಕೆಲಸ

ತ್ಯಾವಣಿಗೆಯ ಅಥವಾ ನ್ಯಾಮತಿಯ ಹೈಸ್ಕೂಲಿನ ಹುಡುಗಿಗೆ ಇದರಲ್ಲಿ ಏನಿದೆ? ತಂದೆತಾಯಿಗಳು ಸ್ವಲ್ಪ ಇತ್ತ ಕಿವಿಗೊಡಬೇಕು. ನಮ್ಮಲ್ಲಿ ವಿಜ್ಞಾನ ಓದಿದ ಮಕ್ಕಳಿಗೆ ಎರಡೇ ಬಾಗಿಲು: ಒಂದು ಮೆಡಿಕಲ್, ಇನ್ನೊಂದು ಎಂಜಿನಿಯರಿಂಗ್. ಸೀಟು ಸಿಗದಿದ್ದರೆ ಬದುಕೇ ಮುಳುಗಿತೆಂಬ ಸೂತಕ. ಆದರೆ ಮೇಲಿನ ಕಥೆಯಲ್ಲಿ ಬಂದವರನ್ನು ಎಣಿಸಿ ನೋಡಿ. ಕೀಟತಜ್ಞ, ಪ್ರಾಣಿತಜ್ಞ, ಪಕ್ಷಿತಜ್ಞ, ಪಶುವೈದ್ಯ, ಸಂಖ್ಯಾಶಾಸ್ತ್ರಜ್ಞ, ನಕ್ಷೆ ಬರೆಯುವವ, ಪ್ರಯೋಗಾಲಯದ ತಂತ್ರಜ್ಞ, ಜನರ ಮನಸ್ಸನ್ನು ಅರಿಯುವ ಸಮಾಜಶಾಸ್ತ್ರಜ್ಞ. ಸ್ಟೆತಸ್ಕೋಪು ಹಿಡಿದ ವೈದ್ಯ ಅವರಲ್ಲಿ ಒಬ್ಬನಷ್ಟೆ. ಬಿ.ಎಸ್‌ಸಿ.ಯಲ್ಲಿ ಪ್ರಾಣಿಶಾಸ್ತ್ರ ತೆಗೆದುಕೊಂಡ ಮಗನನ್ನು ‘ಕಪ್ಪೆ ಕೊಯ್ದು ಏನು ಮಾಡ್ತೀಯೋ’ ಎಂದು ಹಂಗಿಸುವ ಮೊದಲು, ಉಣುಗಿನ ಹಂತಗಳನ್ನು ಬಿಡಿಸಿದವರು ಎಷ್ಟು ಊರುಗಳಿಗೆ ಉಪಕಾರ ಮಾಡಿದರೆಂದು ಒಮ್ಮೆ ಯೋಚಿಸುವುದು ಒಳ್ಳೆಯದು.

ಇನ್ನೊಂದು ಮಾತು. ಈ ಸರಪಳಿಯ ತೀರ ಮೊದಲ ಕೊಂಡಿಯಾಗಲು ಪದವಿಯೇ ಬೇಕಾಗಿಲ್ಲ. ಕಾಡಂಚಿನ ನೆಂಟರ ಮನೆಗೆ ಹೋದಾಗ, ಪ್ರವಾಸಕ್ಕೆ ಹೋದಾಗ ಸತ್ತ ಮಂಗ ಕಂಡರೆ ಮುಟ್ಟಬೇಡಿ, ಹತ್ತಿರ ಹೋಗಬೇಡಿ. ಜಾಗ ಗುರುತಿಟ್ಟುಕೊಂಡು ಹತ್ತಿರದ ಆರೋಗ್ಯ ಕೇಂದ್ರಕ್ಕೋ ಆಶಾ ಕಾರ್ಯಕರ್ತೆಗೋ ಅರಣ್ಯ ಸಿಬ್ಬಂದಿಗೋ ತಿಳಿಸಿ. ಡಿಸೆಂಬರಿನಿಂದ ಮೇ ತನಕ ಅಂಥ ಕಾಡಿಗೆ ಹೋಗಲೇಬೇಕಾದರೆ ಮೈ ತುಂಬ ಬಟ್ಟೆ ತೊಟ್ಟು, ಆರೋಗ್ಯ ಇಲಾಖೆ ಕೊಡುವ ಉಣುಗು ತಡೆಯುವ ಎಣ್ಣೆ ಹಚ್ಚಿಕೊಂಡು ಹೋಗಿ. ಬಂದ ಕೂಡಲೇ ಬಿಸಿನೀರಿನಲ್ಲಿ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಹಾಗೆ ಹೋಗಿ ಬಂದ ಒಂದು ವಾರ ಹತ್ತು ದಿನದೊಳಗೆ ಜ್ವರ ಬಂದರೆ ವೈದ್ಯರ ಹತ್ತಿರ ‘ಕಾಡಿಗೆ ಹೋಗಿದ್ದೆ’ ಎಂಬ ಒಂದು ಮಾತನ್ನು ಮರೆಯದೆ ಹೇಳಿ. ಆ ಒಂದು ಮಾತು ರೋಗ ಪತ್ತೆಯನ್ನು ಎಷ್ಟೋ ದಿನ ಮುಂದಕ್ಕೆ ತರುತ್ತದೆ.

1957ರಲ್ಲಿ ಮಂಗ ಸತ್ತದ್ದನ್ನೂ ಮನೆಯಲ್ಲಿ ಜ್ವರ ಬಂದದ್ದನ್ನೂ ಕೂಡಿಸಿ ನೋಡಿದವನಿಗೆ ಸೂಕ್ಷ್ಮದರ್ಶಕವಿರಲಿಲ್ಲ. ಅವನ ಹೆಸರೂ ನಮಗೆ ಉಳಿದಿಲ್ಲ. ನ್ಯೂಯಾರ್ಕಿನಿಂದ ಪುಣೆಯವರೆಗೆ ಹಬ್ಬಿದ ದೊಡ್ಡ ಸಹಯೋಗ ಶುರುವಾದದ್ದು ಮಾತ್ರ ಅವನ ಬಾಯಿಮಾತಿನಿಂದ. ಅವನ ಮೊಮ್ಮಕ್ಕಳು ಇಂದಿಗೂ ಅದೇ ಕಾಡಿಗೆ ಸೌದೆಗೆ ಹೋಗುತ್ತಾರೆ, ಒಳ್ಳೆಯ ಲಸಿಕೆಗಾಗಿ ಕಾಯುತ್ತಾರೆ. ಸಂಶೋಧನೆ ಎಷ್ಟು ದೇಶ ಸುತ್ತಿ ಬಂತೆಂಬುದು ದೊಡ್ಡ ಮಾತಲ್ಲ. ಸುದ್ದಿ ಹೊರಟ ಮನೆಯ ಬಾಗಿಲಿಗೆ ಅದರ ಫಲ ಮರಳಿ ಬಂದ ದಿನವೇ ಅದು ಪೂರ್ತಿಯಾದಂತೆ. ಆ ಉಳಿದ ದಾರಿಯನ್ನು ನಡೆಯಬೇಕಾದವರು ಈಗ ನಮ್ಮ ಶಾಲೆಗಳ ಬೆಂಚಿನ ಮೇಲೆ ಕೂತಿದ್ದಾರೆ.